ಅತ್ತಿಗೆ ಹಾಡಿದ ಚರಿತ್ರೆ

ನನಗೆ ಕಣ್ಣಿಲ್ಲ, ಕಿವಿ ಮಾತ್ರ ಭರ್ಜರಿ. ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದಿಂದ ಹೋಗಿ ಶಿವಮೊಗ್ಗದ ಕಾಲೇಜು ಸೇರಿದಾಗ, "ಕುರುಡ ಬಿ.ಎ. ಓದ್ತಾನಂತೆ" ಎಂದು ಸಂತೆಯಲ್ಲಿ ಕೆಲವರು ನಕ್ಕರು. "ಓದೇ ಓದ್ತೀನಿ, ನೋಡ್ತಾ ಇರ್ರಿ" ಎಂದೆ. ಜಂಬವೇ ಸರಿ. ಆದರೆ ಪುಸ್ತಕವನ್ನು ಯಾರಾದರೂ ಓದಿ ಹೇಳಬೇಕಿತ್ತಲ್ಲ! ರಜೆಯಲ್ಲಿ ಆ ಕೆಲಸ ಅತ್ತಿಗೆಯ ಪಾಲಿಗೆ ಬಂತು.

ಅತ್ತಿಗೆ ಸೊರಬದ ಕಡೆಯವರು, ಮಿಡ್ಲ್ ಸ್ಕೂಲಿನ ತನಕ ಓದಿದ್ದರು. ಗದ್ದೆ ಕೆಲಸದ ಬಿಡುವಿನಲ್ಲಿ ಅವರಪ್ಪ ಊರವರನ್ನು ಕೂರಿಸಿಕೊಂಡು ಕಾವ್ಯ ಓದುತ್ತಿದ್ದರು. ಆ ಮನೆಯಲ್ಲಿ ಗಟ್ಟಿಯಾಗಿ ಓದುವುದೆಂದರೆ ರಾಗವಾಗಿ ಓದುವುದು, ಬೇರೆ ಕ್ರಮವೇ ಇರಲಿಲ್ಲ. ನನ್ನ ಕರ್ನಾಟಕ ಚರಿತ್ರೆಯ ಪುಸ್ತಕವನ್ನೂ ಅತ್ತಿಗೆ ಹಾಗೇ ಶುರುಮಾಡಿದರು. ಯುದ್ಧಕ್ಕೆ ಏರುದನಿ, ಅರಸ ಸತ್ತರೆ ಅಳುದನಿ. ಭೂಕಂದಾಯದ ಪುಟಕ್ಕೆ ತೊಟ್ಟಿಲು ತೂಗುವ ರಾಗ! ನನಗೆ ರೇಗಿತು.

"ಅತ್ತಿಗೆ, ಇದು ಪರೀಕ್ಷೆ ಪುಸ್ತಕ. ಸುಮ್ನೆ ಓದ್ರಿ."

"ಸುಮ್ನೆ ಓದಿದ್ರೆ ಗೊಣಗಿದಂಗೆ ಆಗ್ತದೆ. ನಂಗೆ ಬರೋದು ಹಿಂಗೇ. ಬೇಕಾದ್ರೆ ಕೇಳಿ, ಇಲ್ದಿದ್ರೆ ನಂಗೆ ರೊಟ್ಟಿ ಬಡಿಯೋದಿದೆ."

ಬಾಯಿ ಮುಚ್ಚಿಕೊಂಡು ಕೇಳಿದೆ. ಮರುದಿನ ಹಿತ್ತಲಲ್ಲಿ ನಿಂತು ಆ ರಾಗ ಗುನುಗಿದರೆ, ಅಬ್ಬಾ, ಇಡೀ ಪಾಠ ಸರಾಗವಾಗಿ ಬಾಯಿಗೆ ಬಂತು. ಆಮೇಲೆ ನಾನು ತಕರಾರು ಎತ್ತಲಿಲ್ಲ.

ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕರೆತರಬಹುದಿತ್ತು, ಅವರು ನನಗಿಂತ ಕಡಿಮೆ ಓದಿರಬೇಕಿತ್ತು. ಕೊನೆಯ ವರ್ಷದ ಚರಿತ್ರೆಯ ಪತ್ರಿಕೆಗೆ ಅತ್ತಿಗೆಯೇ ಬಂದರು. "ಈ ಸಲ ಫೇಲಾದ್ರೆ ಓದು ಸಾಕು, ಮನೇಲಿರು" ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ.

ನಮಗೆ ಬೇರೆ ಕೋಣೆ ಕೊಟ್ಟಿದ್ದರು. ನಾನು ಒಂದೊಂದು ಸಾಲು ಗುನುಗಿಕೊಂಡು, ಅದನ್ನು ಮಾತಿನಲ್ಲಿ ಹೇಳುತ್ತಿದ್ದೆ. ಮೇಲ್ವಿಚಾರಣೆಗೆ ಬಂದ ಮೇಷ್ಟ್ರು ಬಾಗಿಲಲ್ಲೇ ಗದರಿದರು.

"ಏನ್ರೀ ಇದು ಹಾಡು? ಇಬ್ರೂ ಸನ್ನೆ ಮಾಡ್ಕೊಂಡು ಕಾಪಿ ಹೊಡೀತೀರಾ? ಪೇಪರ್ ಕಿತ್ಕೋತೀನಿ!"

ನನ್ನ ಮೈಯೆಲ್ಲ ಉರಿಯಿತು. "ಸಾರ್, ಹಾಡೋನೂ ನಾನೇ, ಹೇಳೋನೂ ನಾನೇ. ಅವರ ಬಾಯಿಂದ ಒಂದು ಸೊಲ್ಲು ಬಂದ್ರೆ ಕಿತ್ಕೊಳ್ರಿ. ಪಕ್ಕದಲ್ಲೇ ಕೂತು ನೋಡ್ರಿ ಬೇಕಾದ್ರೆ!"

ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಮುಂದಿನ ಪ್ರಶ್ನೆ ಒಂದು ದೊಡ್ಡ ಕೆರೆಯದು. ಸಿಟ್ಟಿನಲ್ಲೇ ಗುನುಗಿ, ಕಟ್ಟಿಸಿದ ಅರಸನ ಹೆಸರು ಹೇಳಿದೆ. ಅತ್ತಿಗೆಯ ಲೇಖನಿ ನಿಂತಿತು. ಕೈ ಸೋತಿರಬೇಕು ಎಂದುಕೊಂಡೆ.

"ಬರೀರಿ ಅತ್ತಿಗೆ."

ಆಮೇಲೆ ಲೇಖನಿ ಮತ್ತೆ ಕಾಗದದ ಮೇಲೆ ಓಡಿತು. ಕುರ್ಚಿ ಕಿರುಗುಟ್ಟಿತು. "ಸರಿ, ಹಾಡ್ಕೊಳ್ರಿ ಮಾರಾಯ್ರೆ" ಎನ್ನುತ್ತಾ ಮೇಷ್ಟ್ರು ಹೊರಗೆ ಹೋದರು. ಗೆದ್ದೆ ಎಂದು ನಾನು ಬೀಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ ಮೆಲ್ಲಗೆ ಬಾಯಿಬಿಟ್ಟರು. "ಆ ಕೆರೆ ಕಟ್ಟಿಸಿದ್ದು ಮಗ. ನೀವು ಅಪ್ಪನ ಹೆಸರು ಹೇಳಿದ್ರಿ. ನಡುವೆ ಒಂದು ಸಾಲು ಹಾರಿಸಿದ್ರಿ."

"ಗೊತ್ತಿದ್ದೂ ಬರೆದ್ರಾ? ಒಂದ್ಸಲ ಕೆಮ್ಮಬಾರದಿತ್ತಾ?"

"ಮೇಷ್ಟ್ರು ಕಾಗದದ ಮೇಲೇ ಕಣ್ಣಿಟ್ಟಿದ್ರು. ನಾನು ತಪ್ಪನ್ನ ಹಂಗೇ ಬರ್ದಿದ್ದು ನೋಡೇ ಎದ್ದು ಹೋದ್ರು."

"ಅವರಿಲ್ದಿದ್ರೆ ಹೇಳ್ತಿದ್ರಾ?"

"ಇಲ್ಲಪ್ಪ," ಎಂದರು ಅತ್ತಿಗೆ. "ಹೇಳಿದ್ರೆ ಪಾಸಾಗೋದು ನಾನು, ನೀವಲ್ಲ."

ಆ ತಪ್ಪಿನ ಸಮೇತ ನಾನು ಪಾಸಾದೆ. ಅಣ್ಣ ಸಂತೆಯಲ್ಲಿ ಸಿಕ್ಕವರಿಗೆಲ್ಲ ಪೇಡ ಹಂಚಿದ. ಆ ಪದವಿ ಪೂರಾ ನನ್ನದೇ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಹಾಗೆ ಹೇಳುವಂತೆ ಮಾಡಿದವರು ಅತ್ತಿಗೆ.