ಬಸ್ತಾಗಳ ಹಿಂದಿನ ಕಿಟಕಿಗಳು

ನಾನು ಪಾಠ ಮಾಡುತ್ತಿದ್ದ ಶಾಲೆ ಬಿಟ್ಟು ಕುಷ್ಟಗಿಯ ಸರಕಾರಿ ಕಚೇರಿಯೊಂದಕ್ಕೆ ನಿಯೋಜನೆಯ ಮೇಲೆ ಹೋದಾಗ ನನ್ನನ್ನು ಮೊದಲು ಕಾಡಿದ್ದು ಒಂದೇ ಪ್ರಶ್ನೆ: ನಡುಹಗಲಿನಲ್ಲಿ ಇಲ್ಲಿ ಎಂಟು ಟ್ಯೂಬ್‌ಲೈಟುಗಳು ಏಕೆ ಉರಿಯುತ್ತಿವೆ? ಹೊರಗಿನಿಂದ ಎಣಿಸಿದರೆ ಆ ಕಲ್ಲುಕಟ್ಟಡಕ್ಕೆ ಆರು ಕಿಟಕಿಗಳು, ಒಳಗಿನಿಂದ ಎರಡೇ. ಉಳಿದವು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಡತದ ಗಂಟುಗಳ, ಅಂದರೆ ಬಸ್ತಾಗಳ, ಹಿಂದೆ ಮರೆಯಾಗಿದ್ದವು.

ವಿದ್ಯುತ್ ಉಳಿಸಬೇಕೆಂಬ ಸುತ್ತೋಲೆ ಬಂದಾಗ ಸಾಹೇಬರು ಅದನ್ನು ನನಗೇ ಒಪ್ಪಿಸಿದರು. ಎಲ್ಲರೂ ಚಾಚಾ ಎನ್ನುತ್ತಿದ್ದ, ದಾಖಲೆ ನೋಡಿಕೊಳ್ಳುವ ಹಿರಿಯರು ಅಂದು ರಜೆಯಲ್ಲಿದ್ದರು. ನಾನು ಪಡುವಣ ಕಿಟಕಿಯ ಬಸ್ತಾಗಳನ್ನು ಇಳಿಸಿ, ಕಡತಗಳನ್ನು ವರ್ಷಾನುಕ್ರಮದಲ್ಲಿ ಮತ್ತೆ ಕಟ್ಟಿ, ಗೋಡೆಗೆ ಜೋಡಿಸಿದೆ. ಬೆಳಕು ಬಂತು, ಎರಡು ದೀಪ ಆರಿಸಿದೆ.

ಮರುದಿನ ಹನುಮಸಾಗರದ ಮಹಿಳೆಯೊಬ್ಬರು ತಂದೆಯ ಹಳೆಯ ಅರ್ಜಿಯ ನಕಲು ಕೇಳಿದರು. ಚಾಚಾ ಮಧ್ಯಾಹ್ನದವರೆಗೆ ಹುಡುಕಿದರು, ಸಿಗಲಿಲ್ಲ. ಮೂರು ದಿನ ಬಿಟ್ಟು ಬರುವಂತೆ ಆಕೆಗೆ ಹೇಳಿದರು. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಯಾರನ್ನಾದರೂ ಬರಿಗೈಯಲ್ಲಿ ಕಳುಹಿಸಿದ್ದನ್ನು ಕಚೇರಿ ಅದುವರೆಗೆ ಕಂಡಿರಲಿಲ್ಲ.

ವರ್ಷದ ಪ್ರಕಾರವೇ ಇಟ್ಟಿದ್ದೇನಲ್ಲ ಎಂದೆ.

“ಬರೋ ಮಂದಿಗೆ ವರ್ಷ ಎಲ್ಲಿ ನೆನಪಿರತೈತ್ರಿ, ಮಾಸ್ತರ? ಊರ ಹೆಸರು ಹೇಳತಾರ. ತಾವರಗೇರಾ ಮೂಡಣಕ್ಕ ಐತಿ, ಅದರ ಬಸ್ತಾ ಮೂಡಣ ಕಿಡಕ್ಯಾಗ. ಹನಮಸಾಗರದ್ದು ಪಡವಣಕ್ಕ. ನೀವು ಒಂದ ದಿನದಾಗ ಊರಿಗೆ ಊರನ್ನ ಎಬ್ಬಿಸಿ ಬಿಟ್ರಿ.”

ತಾಲ್ಲೂಕಿನ ನಕಾಶೆಯೊಳಗೇ ನಾನು ಇಷ್ಟು ದಿನ ಕುಳಿತಿದ್ದೆ! ಒಂದೊಂದೇ ಊರಿನ ಹೆಸರು ಕೇಳುತ್ತ ಹೋದೆ; ಅವರು ತಲೆಯೆತ್ತದೆ ಬೆರಳು ತೋರಿಸಿದರು.

ಮುರಿದ ಕುರ್ಚಿಗಳು ತುಂಬಿದ್ದ ಒಳಕೋಣೆಗೆ ಕಿಟಕಿಯಿರಲಿಲ್ಲ. ಆದರೆ ನಾಲ್ಕು ದಿಕ್ಕುಗಳು ಅಲ್ಲಿಯೂ ಇದ್ದವಲ್ಲ? ಬಸ್ತಾಗಳನ್ನು ಊರಿನ ದಿಕ್ಕಿನಂತೆಯೇ ಅಲ್ಲಿಗೆ ಸಾಗಿಸೋಣ ಎಂದೆ. ಚಾಚಾ ಹೊಸ್ತಿಲಲ್ಲಿ ನಿಂತು ಬೆರಳಿನಿಂದ ದಿಕ್ಕುಗಳನ್ನು ಗುರುತಿಸಿಕೊಂಡರು. ಆ ಮಹಿಳೆಯ ಕಾಗದ ಸಿಗದಿದ್ದರೆ ಬಸ್ತಾಗಳೆಲ್ಲ ಮರಳಿ ಕಿಟಕಿಗೇ ಎಂಬ ಕರಾರಿನ ಮೇಲೆ ಒಪ್ಪಿದರು. ಎರಡು ದಿನ ನಾನು ಕಡತಗಳ ಮೇಲಿನ ಊರಿನ ಹೆಸರನ್ನು ಓದಿದೆ, ಅವರು ಒಳಕೋಣೆಯಲ್ಲಿ ಆಯಾ ದಿಕ್ಕಿಗೆ ಇಟ್ಟರು.

ಮಹಿಳೆ ಬಂದ ದಿನ ಚಾಚಾ ಒಳಗೆ ಹೋದರು. ನಾವೆಲ್ಲ ಬರೆಯುವವರಂತೆ ತಲೆ ತಗ್ಗಿಸಿ ಕಿವಿಯನ್ನು ಅತ್ತಲೇ ಇಟ್ಟಿದ್ದೆವು. ಸ್ವಲ್ಪ ಹೊತ್ತಿಗೆ ಅವರು ಅಂಗಿಯ ಧೂಳು ಕೊಡವುತ್ತ ಹೊರಬಂದರು, ಕೈಯಲ್ಲಿ ಅರ್ಜಿಯಿತ್ತು.

“ನಿಮ್ಮ ಅಪ್ಪಂದ ಸೈ ಐತಿ, ನೋಡ್ಕೊಳ್ರಿ,” ಎಂದು ಆಕೆಗೆ ಕೊಟ್ಟರು.

ಆಕೆ ಕಾಗದವನ್ನು ಪಡುವಣ ಕಿಟಕಿಯ ಬಳಿ ಹಿಡಿದು ಸಹಿ ನೋಡತೊಡಗಿದರು. ಚಾಚಾ ಹಿಂದಿರುಗಿ ಹೋಗಿ ಒಳಕೋಣೆಯ ದೀಪವನ್ನು ತಾವೇ ಆರಿಸಿದರು.