ಕಿರಣಣ್ಣನಿಗೆ ಮಂಗಮ್ಮನ ಶುಭಾಶಯ

ಮಂಗಮ್ಮನ ಬಾಯಿಗೆ ಬೀಳಬೇಡಿ ಅಂತ ಕೋಣನಕುಂಟೆಗೆ ಹೊಸದಾಗಿ ಬಂದವರಿಗೂ ಹೇಳಿಕೊಡುತ್ತಾರೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮೂರು ಮಹಡಿ ಕಟ್ಟಿಸಿ, ಬಾಡಿಗೆದಾರರನ್ನು ಬೈದುಕೊಂಡೇ ಸಾಕುತ್ತಿರುವ ಹೆಂಗಸು. ಆ ಕಟ್ಟಡದ ಕೆಳಗೇ ನನ್ನ ಫ್ಲೆಕ್ಸ್ ಅಂಗಡಿ, ಹಾಗಾಗಿ ನನಗೂ ದಿನಾ ಮಂಗಳಾರತಿ. ಅವಳು ಬೈಯದೆ ಬಿಟ್ಟದ್ದು ಒಬ್ಬನನ್ನೇ, ಅಪ್ಪ ಅಮ್ಮ ಇಲ್ಲದ ಮೊಮ್ಮಗ ರೇವಂತ್‌ನನ್ನು.

ಕಳೆದ ವರ್ಷ ಜೆ.ಪಿ. ನಗರದಲ್ಲಿ ಒಂದು ಪಾರ್ಟಿಗೆ ಹೋದ ಹುಡುಗ ನಶೆಯ ಮಾತ್ರೆ ನುಂಗಿ, ಬೆಳಗಿನವರೆಗೂ ಕುಣಿದು, ಅಲ್ಲೇ ಬಿದ್ದುಕೊಂಡಿದ್ದ. ಮನೆಗೆ ಬಂದಾಗ ತೊಡೆಗಳು ಕಲ್ಲಾಗಿದ್ದವು, ಉಚ್ಚೆ ಡಿಕಾಕ್ಷನ್ ಬಣ್ಣ. ಮಾತ್ರೆಯ ವಿಷಯ ಅವನು ಬಾಯಿ ಬಿಡಲಿಲ್ಲ. ಉಷ್ಣ ಆಗಿದೆ ಅಂದುಕೊಂಡ ಮಂಗಮ್ಮ ಹರಳೆಣ್ಣೆ ಹಚ್ಚಿ ತಿಕ್ಕಿದಳು, ಎಳನೀರಿನ ಮೇಲೆ ಎಳನೀರು ಕುಡಿಸಿದಳು. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಉಚ್ಚೆ ನಿಂತು ಮುಖ ಊದಿದ ಮೇಲೆ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಮಾತ್ರೆಯಿಂದ ಮೈ ಕಾದು ಮಾಂಸಖಂಡ ಒಡೆದಿದೆ, ಆ ಕಸ ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸಿದೆ ಎಂದರು ಡಾಕ್ಟರು. ಎಳನೀರು ಎಂದ ಕೂಡಲೇ ಬೆಚ್ಚಿಬಿದ್ದರು. ಕಿಡ್ನಿ ಕೈಕೊಟ್ಟಾಗ ಅದರಲ್ಲಿರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದಿತ್ತಂತೆ.

ಡಯಾಲಿಸಿಸ್ ಶುರುವಾಯಿತು, ತಿಂಗಳುಗಳಾದರೂ ನಿಲ್ಲಲಿಲ್ಲ.

"ಎಳನೀರು ಕೊಟ್ಟೋಳು ನಾನು. ಮಾತ್ರೆ ಕೊಟ್ಟೋನು ಯಾವನೋ?" ಎಂದು ಮಂಗಮ್ಮ ಮೊಮ್ಮಗನನ್ನು ಹಿಡಿದುಕೊಂಡಳು.

ಅವನು ಅಳುತ್ತಾ ರವಿಕಿರಣ್ ಹೆಸರು ಹೇಳಿದ. ನಮ್ಮ ಏರಿಯಾದ ಯುವ ಮುಖಂಡ, ಹುಡುಗರಿಗೆಲ್ಲ ಕಿರಣಣ್ಣ. ಮಂಗಮ್ಮ ದೂರು ಕೊಡಲು ಹೋದರೆ ಪೊಲೀಸ್ ಸ್ಟೇಷನ್ನಿನಲ್ಲಿ ಸಾಕ್ಷಿ ಎಲ್ಲಿ ಅಂತ ಕೇಳಿ ಕಳಿಸಿದರು.

ಕಿರಣಣ್ಣನ ಹುಟ್ಟುಹಬ್ಬ ಬಂತು. ಬೀದಿ ತುಂಬ ಅವನ ಫ್ಲೆಕ್ಸ್, ಮುಕ್ಕಾಲು ಪಾಲು ನಾನೇ ಹೊಡೆದದ್ದು. ಮಂಗಮ್ಮ ಅಂಗಡಿಗೆ ಬಂದಳು.

"ನಂದೂ ಒಂದು ಹಾಕಪ್ಪ ಸೋಮನಾಥ. ಎಲ್ಲಾರ್ದಕ್ಕಿಂತ ದೊಡ್ಡದು."

ಡಯಾಲಿಸಿಸ್ ಮಿಷನ್ ಪಕ್ಕ ಮಲಗಿದ್ದ ರೇವಂತ್‌ನ ಫೋಟೊ ತೋರಿಸಿದಳು. ಅದರ ಕೆಳಗೆ ಏನು ಬರೆಯಬೇಕು ಅಂತಲೂ ಹೇಳಿದಳು.

"ಹುಡುಗನ ಮಾನ ಹೋಗುತ್ತೆ ಕಣಮ್ಮ. ನಾಳೆ ಕೆಲಸ, ಮದುವೆ ಅಂತ ಇರುತ್ತಲ್ಲ?"

"ಅವನ್ನೇ ಕೇಳ್ದೆ. ನನ್ ಮುಖ ಸರಿಯಾಗಿ ಕಾಣೋ ಹಾಗೆ ಹಾಕ್ಸಜ್ಜಿ ಅಂದ."

ಆ ಊದಿದ ಮುಖ ನೋಡಿ ನನಗೂ ಪಿತ್ತ ನೆತ್ತಿಗೇರಿತು. ಪ್ರಿಂಟ್ ಹಾಕಿದೆ.

ಹುಟ್ಟುಹಬ್ಬದ ಬೆಳಿಗ್ಗೆ ಕ್ರೇನಿನಲ್ಲಿ ಸೇಬಿನ ಹಾರ ತೂಗುತ್ತಿತ್ತು, ತಮಟೆ ಬಡಿಯುತ್ತಿದ್ದರು. ತೆರೆದ ಜೀಪಿನಲ್ಲಿ ಕಿರಣಣ್ಣ ಬಂದು ತಲೆ ಎತ್ತಿದ. ಮಂಗಮ್ಮನ ಮೂರನೇ ಮಹಡಿಯಿಂದ ಫ್ಲೆಕ್ಸ್ ಇಳಿಬಿದ್ದಿತ್ತು. 'ಮಾತ್ರೆ ಕೊಟ್ಟು ನನ್ನ ಕಿಡ್ನಿ ತಿಂದ ಕಿರಣಣ್ಣನಿಗೆ ಹುಟ್ಟುಹಬ್ಬದ ಶುಭಾಶಯಗಳು. ಶುಭ ಕೋರುವವರು: ರೇವಂತ್ ಮತ್ತು ಅಜ್ಜಿ ಮಂಗಮ್ಮ.' ತಮಟೆ ನಿಂತಿತು. ಸುಳ್ಳು ಯಾಕೆ, ನನಗಂತೂ ಹೊಟ್ಟೆ ತಣ್ಣಗಾಯಿತು.

"ಅಜ್ಜಿ, ಮರ್ಯಾದೆಯಾಗಿ ತೆಗೀರಿ! ಕೇಸ್ ಹಾಕ್ತೀನಿ!" ಎಂದು ಅವನು ಅರಚಿದ.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಂಗಮ್ಮ ಏಳಲೂ ಇಲ್ಲ. "ಹಾಕಪ್ಪ. ಜಡ್ಜ್ ಮುಂದೆ ನನ್ ಮೊಮ್ಮಗ ಎಲ್ಲಾ ಹೇಳ್ತಾನೆ."

ಜೀಪಿನ ಹಿಂದೆ ಜೈಕಾರ ಹಾಕುತ್ತಿದ್ದ ಹುಡುಗರ ತಾಯಂದಿರು ಮನೆಗಳಿಂದ ಹೊರಗೆ ಬಂದು, ತಮ್ಮ ತಮ್ಮ ಮಕ್ಕಳ ರೆಟ್ಟೆ ಹಿಡಿದು ಎಳೆದುಕೊಂಡು ಹೋದರು. ಹಾರ ಹಾಕುವುದಕ್ಕೆ ಕ್ರೇನ್ ಡ್ರೈವರ್ ಬಿಟ್ಟರೆ ಯಾರೂ ಉಳಿಯಲಿಲ್ಲ.

ಇಷ್ಟು ಸಾಕಲ್ವಾ ಅಂತ ಕೇಳಿದೆ. ಮಂಗಮ್ಮ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ಗೊಟ್ಟಿಗೆರೇಲಿ ಅವನಿಗೆ ಹೆಣ್ಣು ನೋಡಿದಾರಂತೆ. ಆ ಮನೆ ಎದುರಿಗೂ ಒಂದು ಹಾಕು. ಅವನ ಎರಡು ಕಿಡ್ನಿನೂ ಇನ್ನೂ ನೆಟ್ಟಗವೆ ಕಣೋ."