ಅತ್ತೆಗೆ ಹೇಳಿದ ಸಿನಿಮಾ

ಪರದೇಶದ ಸಿನಿಮಾದ ಹುಚ್ಚು ನನಗೆ ಹತ್ತಿದ್ದು ರಿಮೋಟಿನ ಸೆಲ್ ಮುಗಿದದ್ದರಿಂದ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆ. ಮನೆಯವರು ಆಟೋ ತೆಗೆದುಕೊಂಡು ಹಂಪಿಗೆ ಹೋದಮೇಲೆ ನಾನು ಊರವರ ಜಂಪರ್ ಹೊಲಿಯುತ್ತ ಕೂಡುತ್ತೇನೆ. ಆ ದಿನ ಹುಕ್ಕು ಹಚ್ಚುತ್ತಿದ್ದಾಗ ಟಿವಿಯಲ್ಲಿ ಗೊತ್ತಿಲ್ಲದ ಭಾಷೆಯ ಸಿನಿಮಾ ಶುರುವಾಯಿತು. ಎಷ್ಟು ಒತ್ತಿದರೂ ರಿಮೋಟು ಜಪ್ಪಯ್ಯ ಅನ್ನಲಿಲ್ಲ. ಎದ್ದು ಹೋಗಿ ಬಂದ್ ಮಾಡಲು ನನಗೆ ಸೋಮಾರಿತನ.

ಪರದೆಯ ತುಂಬ ಹಿಮ. ಒಬ್ಬ ಹೆಂಗಸು ಹಾಲು ಕರೆದಳು, ರೊಟ್ಟಿ ಸುಟ್ಟಳು, ಗಂಡನ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕಿದಳು. ಆ ಸದ್ದು ಥೇಟ್ ನಮ್ಮ ಅಡುಗೆಮನೆಯದೇ! ಹಾಡಿಲ್ಲ, ಹೊಡೆದಾಟವಿಲ್ಲ, ಆದರೂ ಸೂಜಿ ಹಿಡಿದುಕೊಂಡೇ ಕೊನೆಯವರೆಗೆ ನೋಡಿದೆ. ಪಿಯುಸಿವರೆಗೆ ಕಲಿತ ಇಂಗ್ಲಿಷು ಪರದೆಯ ಕೆಳಗಿನ ಅಕ್ಷರ ಓದುವುದಕ್ಕಾದರೂ ಬಂತಲ್ಲ ಎಂದು ಖುಷಿಯೋ ಖುಷಿ. ಹೊಸ ಸೆಲ್ ಬಂದಮೇಲೂ ಟಿವಿಗೆ ಇಂಟರ್ನೆಟ್ ಜೋಡಿಸಿಕೊಂಡು ಅಂಥವನ್ನೇ ಹುಡುಕತೊಡಗಿದೆ. ದಿನವಿಡೀ ಪರದೇಶದವರನ್ನು ಕೂರಿಸಿಕೊಂಡು ತಿರುಗಿ ಮನೆಗೆ ಬಂದರೆ ಗೋಡೆಯ ಟಿವಿಯಲ್ಲೂ ಅವರೇ ಎಂದು ಮನೆಯವರು ಗೊಣಗಿದರು.

ಹೋದ ವರ್ಷ ಮಾವ ತೀರಿಕೊಂಡ ಮೇಲೆ ಅತ್ತೆ ಕಂಪ್ಲಿಯಿಂದ ನಮ್ಮಲ್ಲಿಗೆ ಬಂದಿದ್ದರು. ಮಾತು ಕಡಿಮೆ, ಓದು ಬಾರದು. ಒಂದು ಮಧ್ಯಾಹ್ನ ಬಾಗಿಲಿಗೆ ಒರಗಿ ನಿಂತು, ಟಿವಿಯೊಳಗಿನ ಹೆಂಗಸು ಯಾಕೆ ಅಷ್ಟು ಸಿಟ್ಟಾಗಿದ್ದಾಳೆ ಎಂದು ಕೇಳಿದರು. ಹೇಳಿದೆ. "ಹೂಂ" ಅಂದರು, ಬಂದು ಪಕ್ಕದಲ್ಲಿ ಕೂತರು.

ಕಂಪ್ಲಿಯ ಗದ್ದೆಗಳಲ್ಲಿ ಅವರು ನಾಟಿ ಹಚ್ಚುವಾಗ ಒಬ್ಬಳು ಕಥೆ ಹೇಳುವುದು, ಉಳಿದವರು ಬಗ್ಗಿದಲ್ಲಿಂದಲೇ ಹೂಂಗುಟ್ಟುವುದು ವಾಡಿಕೆ. ಹೂಂ ನಿಂತಿತೆಂದರೆ ಕಥೆಯನ್ನು ಯಾರೂ ನಂಬುತ್ತಿಲ್ಲ ಎಂದೇ ಅರ್ಥ. ಹೇಳುವವಳು ಬಾಯಿ ಮುಚ್ಚಬೇಕು. ನಮ್ಮದೂ ಹಾಗೇ ನಡೆಯಿತು. ನಾನು ಸಿನಿಮಾ ನಿಲ್ಲಿಸಿ ನಿಲ್ಲಿಸಿ ಹೇಳುವುದು, ಅತ್ತೆ ಹೂಂಗುಟ್ಟುವುದು. ಕೋಟು ಹಾಕಿದ ಸಾಹೇಬರೂ ನನ್ನ ಬಾಯಲ್ಲಿ "ಕುಂದ್ರಿ, ಚಾ ಕುಡೀರಿ" ಅನ್ನುತ್ತಿದ್ದರು. ಮುತ್ತು ಕೊಡುವ ಹೊತ್ತು ಬಂದರೆ ಅತ್ತೆ ಎಲೆಅಡಿಕೆ ಚೀಲದಲ್ಲಿ ಏನೋ ಹುಡುಕುವರು. ಒಂದು ಸಿನಿಮಾಕ್ಕೆ ಮೂರು ಮಧ್ಯಾಹ್ನ ಹಿಡಿಯುತ್ತಿತ್ತು. ಜಂಪರುಗಳು ತಡವಾಗಿ ಬೈಸಿಕೊಂಡೆ, ಬೇಜಾರಾಗಲಿಲ್ಲ.

ಆಮೇಲೆ ಮೀನುಗಾರರ ಊರಿನ ಒಂದು ಸಿನಿಮಾ ಹಾಕಿದೆ. ಮುದುಕ ಪಟ್ಟಣದ ಆಸ್ಪತ್ರೆಯಲ್ಲಿ, ಹೆಂಡತಿ ಊರಲ್ಲಿ ಮೀನು ಒಣಹಾಕುತ್ತಿದ್ದಾಳೆ. ಪಕ್ಕದ ಮನೆಯವಳು ಬಂದು ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಕೆಳಗಿನ ಅಕ್ಷರ ಓದಿದೆ, ನಾಲಗೆ ಹೊರಳಲಿಲ್ಲ. ಮುದುಕನಿಗೆ ಆರಾಮಾಗಿದೆಯಂತೆ, ನಾಳೆ ಬಸ್ಸಿಗೆ ಬರುತ್ತಾನಂತೆ ಎಂದುಬಿಟ್ಟೆ.

ಹೂಂ ಬರಲಿಲ್ಲ. ಪರದೆಯ ಮೇಲೆ ಆ ಹೆಂಡತಿ ಮೀನಿನ ನಡುವೆ ಕುಸಿದು ಕೂತಿದ್ದಳು. ನಾನು ಗಡಬಡಿಸಿ ಟಿವಿ ಆರಿಸಿದೆ. ಅತ್ತೆ ಎದ್ದುಹೋದರು.

ಮರುದಿನದಿಂದ ಅವರು ಬರಲಿಲ್ಲ. ಊಟವಾದ ಕೂಡಲೆ ಮೊರ ಹಿಡಿದು ಹೊರಗಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂಡುವರು. ನಾಲ್ಕನೆಯ ದಿನ ತಮ್ಮ ಮಗನಿಗೆ, ನನ್ನನ್ನು ಕಂಪ್ಲಿ ಬಸ್ಸು ಹತ್ತಿಸು ಅಂದದ್ದು ಕಿವಿಗೆ ಬಿತ್ತು. ಒಬ್ಬಳೇ ಕೂತು ನೋಡಿದರೆ ಯಾವ ಸಿನಿಮಾವೂ ರುಚಿಸುತ್ತಿರಲಿಲ್ಲ. ಹುಚ್ಚು ನನ್ನೊಬ್ಬಳದೇ ಅಂದುಕೊಂಡಿದ್ದೆ, ಅರ್ಧ ಅತ್ತೆಯದಾಗಿತ್ತು. ಅವರು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು.

ಹೋಗಿ ಪಕ್ಕದಲ್ಲಿ ಕೂತು, ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ.

"ಅವತ್ತು ಫೋನಿನ್ಯಾಗೂ ನೀ ಹಿಂಗ ಅಂದಿದ್ದಿ. ಆರಾಮದಾರ, ಕರ್ಕೊಂಡು ಬರ್ತಾರ ಅಂತ. ನಾ ಜಳಕಕ್ಕ ನೀರು ಕಾಸಿಟ್ಟು ಕುಂತಿದ್ದೆ."

ಹೌದು. ಬಳ್ಳಾರಿಯ ಆಸ್ಪತ್ರೆಯಿಂದ ಮಾವ ಹೋದ ಸುದ್ದಿ ಬಂದಾಗ ಕಂಪ್ಲಿಗೆ ಫೋನ್ ಮಾಡಿದವಳು ನಾನೇ. ಸಾವಿನ ಸುದ್ದಿಯನ್ನು ನೇರ ಹೇಳುವ ರೂಢಿ ನಮ್ಮಲ್ಲಿಲ್ಲ, ಸೀರಿಯಸ್ ಐತಿ ಅನ್ನುತ್ತೇವೆ. ನಾನು ಇನ್ನೂ ಜಾಣೆಯಾಗಿ ಆರಾಮಿದ್ದಾರೆ ಅಂದಿದ್ದೆ, ಒಳ್ಳೆಯದೇ ಮಾಡಿದೆ ಅಂದುಕೊಂಡಿದ್ದೆ. ಗಂಡನ ಸ್ನಾನಕ್ಕೆಂದು ನೀರು ಕಾಯಿಸಿಟ್ಟಿದ್ದ ಮನೆಗೆ ಹೆಣ ಬಂದಿತ್ತು. ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅತ್ತೆ ನಾನು ಬಡಿಸಿದ್ದನ್ನು ಉಂಡಿದ್ದರು.

"ತಪ್ಪಾತ್ರಿ ಅತ್ತಿ," ಅಂದೆ.

ಅತ್ತೆ ಮೊರ ಬದಿಗಿಟ್ಟು ಒಳಗೆ ಹೋಗಿ ಟಿವಿ ಮುಂದೆ ಕೂತರು. ಅದೇ ಸಿನಿಮಾ ಹಾಕಲು ಹೇಳಿದರು. ಹಾಕಿದೆ. ಪಕ್ಕದ ಮನೆಯವಳು ಬಾಗಿಲಿಗೆ ಬಂದಳು. ನಿಲ್ಲಿಸಿದೆ.

"ಈಗ ಹೇಳು," ಅಂದರು.

"'ನಿಮ್ಮ ಯಜಮಾನ್ರು ಹೋಗಿಬಿಟ್ರು' ಅಂತಾಳ್ರಿ."

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅತ್ತರು. ನನಗೂ ಅಳು ಬಂತು. ಎಷ್ಟೋ ಹೊತ್ತಾದ ಮೇಲೆ ಅವರು ಕಣ್ಣೊರೆಸಿಕೊಂಡು, ಮೊದಲು ನನ್ನ ಮುಖ ನೋಡಿದರು, ಆಮೇಲೆ ಪರದೆಯ ಮೇಲೆ ನಿಂತೇ ಇದ್ದ ಆ ಮುದುಕನ ಹೆಂಡತಿಯನ್ನು.

"ಇನ್ನ ಆಕಿ ಹೆಂಗ ದಿನ ತೆಗಿತಾಳ, ನೋಡೋಣು. ಹಚ್ಚು."

ಮುಂದಿನದು ನನಗೂ ಗೊತ್ತಿರಲಿಲ್ಲ. ಹಚ್ಚಿದೆ.